ಹಳೇ ಜೀಪು, ಜಿಪ್ಸಿಗೆ ಎಂಥ ಟಯರು? ಎಂಥ ರಿಮ್ಮು?

ಮಳೆ ಹಿಡಿಯುವ ಮೊದಲು ಟಯರು ಬದಲಿಸಬೇಕೆಂದಿರುವ ಓದುಗರ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು. ಅಳತೆ ಓದುವುದು ಹೀಗೆ: 6.00-16 ಎಂದರೆ ಸುಮಾರು 6 ಇಂಚು ಅಗಲದ ಟಯರು, 16 ಇಂಚಿನ ರಿಮ್ಮು. 235/75 ಆರ್15 ಎಂದರೆ 235 ಮಿ.ಮೀ. ಅಗಲ, ಪಕ್ಕೆಯ ಎತ್ತರ ಅಗಲದ ಶೇ 75, ರೇಡಿಯಲ್ ಟಯರು, 15 ಇಂಚಿನ ರಿಮ್ಮು.

ಪ್ರಶ್ನೆ: ಕಾಫಿ ತೋಟದ ಕೆಲಸಕ್ಕೆ ಹಳೇ ಮಹೀಂದ್ರ ಸಿಜೆ ಜೀಪು ಇದೆ. ಈಗಿರುವುದು 6.00-16 ಟಯರು. 15 ಇಂಚಿನ ರಿಮ್ಮಿಗೆ ಅಗಲವಾದ 235/75 ಆರ್15 ಹಾಕಿದರೆ ಮಳೆಗಾಲದಲ್ಲಿ ಹೂತುಕೊಳ್ಳುವುದಿಲ್ಲ ಅನ್ನುತ್ತಾರೆ. ನಿಜವೇ? (ಮೂಡಿಗೆರೆ)

ಮರಳಾದರೆ ನಿಜ. ತೋಟದ ದಾರಿಯಲ್ಲಿ ಲೆಕ್ಕ ಬೇರೆ. ಮಲೆನಾಡಿನ ತೋಟದ ರಸ್ತೆಯಲ್ಲಿ ಸಾಮಾನ್ಯವಾಗಿ ಮೇಲೆ ಒಂದು ಗೇಣು ಕೆಸರು, ಅದರಡಿ ಜಂಬಿಟ್ಟಿಗೆಯಂಥ ಗಟ್ಟಿ ನೆಲ. ಕಿರಿದಾದ ಟಯರು ಕೆಸರನ್ನು ಸೀಳಿ ಕೆಳಗಿನ ಗಟ್ಟಿ ನೆಲ ಹಿಡಿಯುತ್ತದೆ. ಅಗಲದ್ದು ಕೆಸರಿನ ಮೇಲೆ ಹಲಗೆಯ ಹಾಗೆ ತೇಲಿ ಪಕ್ಕಕ್ಕೆ ಜಾರುತ್ತದೆ. ಪಕ್ಕದಲ್ಲಿ ಇಳಿಜಾರಿದ್ದರೆ ಅದು ಒಳ್ಳೆಯದಲ್ಲ.

ಇನ್ನೊಂದು ಲೆಕ್ಕವನ್ನು ಯಾರೂ ಹಾಕಿ ನೋಡುವುದಿಲ್ಲ. 235/75 ಆರ್15ರ ಎತ್ತರ ಸುಮಾರು 733 ಮಿ.ಮೀ. ನಿಮ್ಮ 6.00-16 ಕೂಡ ಹತ್ತಿರ ಹತ್ತಿರ 730. ಅಂದರೆ ರಿಮ್ಮು, ಟಯರು ಎರಡಕ್ಕೂ ದುಡ್ಡು ಸುರಿದ ಮೇಲೂ ಡಿಫರೆನ್ಷಿಯಲ್ಲಿನ (ಆಕ್ಸಲ್ ನಡುವಿನ ಗೇರು ಉಂಡೆಯ) ಅಡಿಗೆ ಸಿಗುವ ಜಾಗ ಮೊದಲಿದ್ದಷ್ಟೇ. ಎತ್ತರವೇ ಬೇಕಿದ್ದರೆ 7.00-16 ನೋಡಿ. ಸುಮಾರು 775 ಮಿ.ಮೀ. ಇರುವುದರಿಂದ ಆಕ್ಸಲ್ ಅಡಿಗೆ 20 ಮಿ.ಮೀ.ಗೂ ಹೆಚ್ಚು ಜಾಗ ಸಿಗುತ್ತದೆ. ಆದರೆ ಜೀಪಿನ ಮೂಲ ರಿಮ್ಮಿನ ಅಗಲ 4.5 ಇಂಚು, 7.00ಕ್ಕೆ 5ರಿಂದ 5.5 ಇಂಚು ಬೇಕು. ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿ, ಟಯರು ಸ್ಪ್ರಿಂಗ್ ಪಟ್ಟಿಗೆ ಉಜ್ಜುತ್ತದೆಯೇ ನೋಡಿ. ಉಜ್ಜಿದರೆ ಸ್ಟಿಯರಿಂಗ್ ನಕಲ್ (ಮುಂದಿನ ಗಾಲಿ ಹೊರಳುವ ಕೀಲು) ಮೇಲಿನ, ತಿರುವಿಗೆ ಮಿತಿ ಹಾಕುವ ಸ್ಟಾಪರ್ ಬೋಲ್ಟನ್ನು ಒಂದೆರಡು ಸುತ್ತು ಹೊರಗೆ ತೆಗೆಯಿರಿ. ತಿರುವು ಸ್ವಲ್ಪ ದೊಡ್ಡದಾಗುತ್ತದೆ, ಟಯರು ಉಳಿಯುತ್ತದೆ.

ಇನ್ನು ಅಚ್ಚಿನ, ಅಂದರೆ ಟಯರು ನೆಲ ಮುಟ್ಟುವ ಕಡೆಯ ವಿನ್ಯಾಸದ ವಿಷಯ: ಮಿಲಿಟರಿ ಮಾದರಿಯ, ಎರಡೂ ದಿಕ್ಕಿಗೆ ಒಂದೇ ಅಚ್ಚಿರುವ ಎನ್‌ಡಿಟಿ ಟಯರು ಹಳೇ ಜೀಪಿಗೆ ಒಪ್ಪುವಷ್ಟು ಚಂದ ಇನ್ನಾವುದೂ ಒಪ್ಪುವುದಿಲ್ಲ. ಆದರೆ ಅದರ ಅಡ್ಡ ಗುಂಡಿಗಳ (ಅಚ್ಚಿನ ಉಬ್ಬುಗಳ) ನಡುವೆ ಅಂಟುಮಣ್ಣು ಕಚ್ಚಿಕೊಂಡರೆ ತಾನಾಗಿ ಉದುರುವುದಿಲ್ಲ. ಹತ್ತು ಸುತ್ತಿನಲ್ಲಿ ಟಯರು ನುಣ್ಣಗೆ ಉರುಳೆಯಾಗುತ್ತದೆ. ಕೆಲಸದ ಜೀಪಿಗೆ ಗುಂಡಿಗಳ ನಡುವೆ ಅಂತರ ಹೆಚ್ಚಿರುವ, ಅಂಚಿನವರೆಗೂ ತೆರೆದಿರುವ ಅಚ್ಚು ಆರಿಸಿ.

ಪ್ರಶ್ನೆ: ಟ್ರ್ಯಾಕ್ಟರಿನ ಮುಂದಿನ ಟಯರೂ 6.00-16 ಅಳತೆಯದೇ, ಸುಲಭವಾಗಿ ಸಿಗುತ್ತದೆ. ಜೀಪಿಗೆ ಹಾಕಬಹುದೇ? (ಹೊಸನಗರ)

ಕೂರುತ್ತದೆ, ಹಾಕಬೇಡಿ. ಅದರ ಉದ್ದುದ್ದ ಏಣುಗಳು ಇರುವುದು ಉಳುಮೆಯಲ್ಲಿ ದಿಕ್ಕು ಹಿಡಿಯಲಿಕ್ಕೆ. ಎಳೆಯುವ, ನಿಲ್ಲಿಸುವ ಹಿಡಿತ ಅದಕ್ಕಿಲ್ಲ. ಟಯರಿನ ಪಕ್ಕೆಯ ಮೇಲೆ ಎ6 ಎಂದಿದ್ದರೆ ಗಂಟೆಗೆ 30 ಕಿ.ಮೀ., ಎ8 ಎಂದಿದ್ದರೆ 40 ಕಿ.ಮೀ. ಅದರ ಮಿತಿ. ಘಾಟಿ ಇಳಿಯುವಾಗ ಆ ಮಿತಿ ದಾಟುವುದು ಗೊತ್ತೇ ಆಗುವುದಿಲ್ಲ.

ಜೀಪಿನದೇ 6.00-16 ಕೊಳ್ಳುವಾಗಲೂ ತಾರೀಖು ನೋಡಿ. ಬೇಗ ಖರ್ಚಾಗದ ಅಳತೆಯಾದ್ದರಿಂದ ಅಂಗಡಿಯಲ್ಲೇ ಹಳತಾಗಿರುವುದುಂಟು. ಪಕ್ಕೆಯ ಮೇಲಿನ ಡಾಟ್ (DOT) ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಓದಿ: 2319 ಎಂದರೆ 2019ನೇ ಇಸವಿಯ 23ನೇ ವಾರ. ಒಂದು ವರ್ಷಕ್ಕಿಂತ ಹಳೆಯದನ್ನು ಹೊಸ ಟಯರಿನ ಬೆಲೆಗೆ ಕೊಳ್ಳಬೇಡಿ. ಗುಂಡಿಗಳ ಬುಡದಲ್ಲಿ ಕೂದಲೆಳೆಯ ಸೀಳು ಕಂಡರೆ ಅರ್ಧ ಬೆಲೆಗೂ ಬೇಡ.

ಪ್ರಶ್ನೆ: ಮಾರುತಿ ಜಿಪ್ಸಿಗೆ 235/75 ಆರ್15 ಟಯರು ಮತ್ತು ಸೆಕೆಂಡ್ ಹ್ಯಾಂಡ್ ಅಲಾಯ್ ಗಾಲಿ ಹಾಕಿಸಬೇಕೆಂದಿದ್ದೇನೆ. ಏನೇನು ಅಳೆಯಬೇಕು? (ಬೆಂಗಳೂರು)

ಮೊದಲು ಪಿಸಿಡಿ, ಅಂದರೆ ಬೋಲ್ಟಿನ ತೂತುಗಳ ನಡುಮಧ್ಯ ಸೇರಿ ಆಗುವ ವೃತ್ತದ ವ್ಯಾಸ. ಜಿಪ್ಸಿಯದು ಐದು ತೂತು, 139.7 ಮಿ.ಮೀ. ಐದು ತೂತಿನ ಗಾಲಿಯಲ್ಲಿ ಒಂದರ ಎದುರಿಗೆ ಇನ್ನೊಂದು ತೂತು ಇರುವುದಿಲ್ಲವಾದ್ದರಿಂದ ನೇರವಾಗಿ ಅಳೆಯಲಾಗದು. ಅಕ್ಕಪಕ್ಕದ ಎರಡು ತೂತುಗಳ ನಡುಮಧ್ಯದಿಂದ ನಡುಮಧ್ಯಕ್ಕೆ ಅಳೆದು 1.701ರಿಂದ ಗುಣಿಸಿ. ಗುಣಿಸುವ ಮೊದಲಿನ ಅಳತೆ 82 ಮಿ.ಮೀ. ಬಂದರೆ ಸರಿ. 67 ಬಂದರೆ ಅದು 114.3ರ ಗಾಲಿ, ಅಲ್ಲಿಗೇ ಬಿಡಿ. ಆಮೇಲೆ ನಡುವಿನ ತೂತು: ಜಿಪ್ಸಿಯ ಹಬ್ಬಿಗೆ (ಗಾಲಿ ಕೂರುವ ನಡುಭಾಗಕ್ಕೆ) 108 ಮಿ.ಮೀ. ಬೇಕು. ಬಹಳಷ್ಟು ಅಲಾಯ್‌ಗಳು ಸೋಲುವುದು ಇಲ್ಲೇ.

ಮೂರನೆಯದು, ಗಾಲಿ ಹಬ್ಬಿಗೆ ಕೂರುವ ಮುಖ ರಿಮ್ಮಿನ ನಡುಗೆರೆಯಿಂದ ಎಷ್ಟು ಸರಿದಿದೆ ಎನ್ನುವ ಅಳತೆ, ಅಂದರೆ ಆಫ್‌ಸೆಟ್. ಗಾಲಿ ಹೊರಕ್ಕೆ ಚಾಚಿದಷ್ಟೂ ನಿಲುವು ಗತ್ತಾಗಿ ಕಾಣುತ್ತದೆ. ಆದರೆ ಆ ಚಾಚು ಸನ್ನೆಕೋಲಿನಂತೆ ವೀಲ್ ಬೇರಿಂಗನ್ನೂ ಗಾಲಿ ಹೊರಳುವ ಕೀಲಾದ ಕಿಂಗ್‌ಪಿನ್ನನ್ನೂ ಮೀಟುತ್ತದೆ. ರಸ್ತೆಯ ಹೊಂಡಕ್ಕೆ ಬಿದ್ದಾಗ ಸ್ಟಿಯರಿಂಗ್ ಕೈಯಿಂದ ಕಿತ್ತುಕೊಂಡಂತಾಗುತ್ತದೆ. ಸ್ಪೇಸರ್ (ಗಾಲಿ, ಹಬ್ಬಿನ ನಡುವೆ ಇಡುವ ಬಿಲ್ಲೆ) ಹಾಕಿ ಹೊಂದಿಸಿಕೊಡುತ್ತೇವೆ ಎನ್ನುವವರ ಮಾತಿಗೂ ಇದೇ ಉತ್ತರ.

ಇನ್ನು ಟಯರು. ಜಿಪ್ಸಿಯ 205/70 ಆರ್15 ಎತ್ತರ 668 ಮಿ.ಮೀ., 235/75ರದ್ದು 733. ನೆಲದಿಂದ ಸಿಗುವ ಹೆಚ್ಚುವರಿ ಎತ್ತರ ಇದರ ಅರ್ಧ, ಅಂದರೆ 33 ಮಿ.ಮೀ. ಅದಕ್ಕೆ ತೆರುವುದು: ಗೇರು ಸುಮಾರು ಶೇ 10ರಷ್ಟು ಉದ್ದವಾಗುತ್ತದೆ, ಮೂರನೇ ಗೇರಿನಲ್ಲಿ ಹತ್ತುತ್ತಿದ್ದ ಏರಿಗೆ ಎರಡನೆಯದು ಬೇಕಾಗುತ್ತದೆ, ಲೋ ರೇಂಜಿನಲ್ಲಿ (ನಿಧಾನದ, ಎಳೆತ ಹೆಚ್ಚಿನ ಗೇರು) ಇಳಿಜಾರಿಗೆ ಎಂಜಿನ್ ಹಿಡಿಯುವುದು ಕಡಿಮೆಯಾಗುತ್ತದೆ, ಬ್ರೇಕ್ ಪೆಡಲನ್ನು ಜೋರಾಗಿ ಒತ್ತಬೇಕಾಗುತ್ತದೆ. ಸ್ಪೀಡೋಮೀಟರ್ 60 ತೋರಿಸುವಾಗ ನೀವು ಹೋಗುತ್ತಿರುವುದು 66ರಲ್ಲಿ. ಮೈಲೇಜ್ ಬಿತ್ತು ಎಂದು ಗೊಣಗುವ ಮೊದಲು ಕಿಲೋಮೀಟರಿನ ಲೆಕ್ಕಕ್ಕೂ ಶೇ 10 ಸೇರಿಸಿಕೊಳ್ಳಿ. ಜೊತೆಗೆ ಈ ಟಯರಿಗೆ ಕನಿಷ್ಠ 6 ಇಂಚಿನ ರಿಮ್ಮು ಬೇಕು. 5.5 ಇಂಚಿನ ಮೂಲ ರಿಮ್ಮಿಗೆ ಏರಿಸಿದರೆ ನಡು ಉಬ್ಬಿ ನಡುವಷ್ಟೇ ಸವೆಯುತ್ತದೆ.

ನಮ್ಮ ಆಯ್ಕೆ 215/75 ಆರ್15. ಎತ್ತರ 703, ಮೂಲ ರಿಮ್ಮೇ ಸಾಕು, ಸ್ಪೀಡೋ ತಪ್ಪುವುದು ಶೇ 5ರಷ್ಟು. ವಾಹನ ತಯಾರಕರ ಮೂಲ ವಿವರಕ್ಕಿಂತ ಭಿನ್ನವಾಗಿ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಆರ್‌ಸಿ ನವೀಕರಣಕ್ಕೆ ಒಯ್ಯುವಾಗ ಬೇಕಾಗುತ್ತದೆ, ಹಳೇ ಗಾಲಿಗಳನ್ನು ಗುಜರಿಗೆ ಹಾಕಬೇಡಿ.

ಪ್ರಶ್ನೆ: ಹಳೇ ಜೀಪಿನ ಎಡ ಗಾಲಿಯ ನಟ್ಟು ಎಷ್ಟು ಬಲ ಹಾಕಿದರೂ ಬರುತ್ತಿಲ್ಲ. ಒಂದು ಸ್ಟಡ್ ಮುರಿಯಿತು. (ಸೋಮವಾರಪೇಟೆ)

ಬಿಚ್ಚುತ್ತಿಲ್ಲ, ಬಿಗಿಯುತ್ತಿದ್ದೀರಿ! ವಿಲ್ಲಿಸ್ ಮೂಲದ ಹಳೇ ಜೀಪುಗಳಲ್ಲಿ ಎಡಗಡೆಯ ಗಾಲಿಗಳಿಗೆ ಎಡ ಮರೆ, ಅಂದರೆ ಸ್ಟಡ್ಡಿನ ಸುರುಳಿ ಉಲ್ಟಾ. ಸ್ಟಡ್ ತುದಿಯಲ್ಲಿ 'ಎಲ್' ಗುರುತು ಹುಡುಕಿ. ಇದ್ದರೆ ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ತಿರುಗಿಸಿ ಬಿಚ್ಚಿ. ಹಬ್ಬು ಬದಲಾಗಿರುವ ಜೀಪುಗಳಲ್ಲಿ ಬಲ ಮರೆಯೂ ಇರಬಹುದು, ಅದಕ್ಕೇ ಮೊದಲು ಗುರುತು ನೋಡುವುದು.

ಪ್ರಶ್ನೆ: ರೇಡಿಯಲ್ ಟಯರಿಗೆ ಟ್ಯೂಬು ಹಾಕಬಹುದೇ? ಕೆಸರಿಗೆ ಗಾಳಿ ಎಷ್ಟು ಇಳಿಸಬೇಕು? ಮುಂದೆ ಹೊಸದು, ಹಿಂದೆ ಹಳೆಯದು ನಡೆಯುತ್ತದೆಯೇ? (ಮಡಿಕೇರಿ)

ರಿವೆಟ್ ಹೊಡೆದ ಹಳೇ ರಿಮ್ಮಿನಲ್ಲಿ ಗಾಳಿ ರಿವೆಟ್ಟಿನ ಸಂದಿಯಿಂದಲೇ ಸೋರುತ್ತದೆ, ಹಾಗಾಗಿ ಟ್ಯೂಬು ಬೇಕೇ ಬೇಕು. ರೇಡಿಯಲ್ಲಿಗೆಂದೇ ಮಾಡಿದ ಟ್ಯೂಬು ಕೇಳಿ. ರೇಡಿಯಲ್ಲಿನ ಪಕ್ಕೆ ಹೆಚ್ಚು ಬಾಗುವುದರಿಂದ ಮಾಮೂಲಿ ಟ್ಯೂಬು ಉಜ್ಜಿ, ಬಿಸಿಯಾಗಿ ಹರಿಯುತ್ತದೆ. ಒಳಗೆ ಅಂಟಿಸಿದ ಕಾಗದದ ಚೀಟಿ ಕಿತ್ತು, ಟಾಲ್ಕ್ ಪುಡಿ ಹಾಕಿ ಕೂರಿಸಿ.

ಡಾಂಬರಿನಲ್ಲಿ 26ರಿಂದ 28 ಪಿಎಸ್‌ಐ ಇಡುವವರು ಕೊಡಗಿನ ಮಾಂದಲಪಟ್ಟಿಯಂಥ ಕಚ್ಚಾ ದಾರಿಗೆ 18ರಿಂದ 20ಕ್ಕೆ ಇಳಿಸಿದರೆ ಸಾಕು. ಟ್ಯೂಬು ಇದ್ದರೆ ಅದಕ್ಕಿಂತ ಕೆಳಗೆ ಬೇಡ. ಟಯರು ರಿಮ್ಮಿನ ಮೇಲೆ ನಿಧಾನವಾಗಿ ಸರಿದು ಟ್ಯೂಬನ್ನೂ ಎಳೆದುಕೊಂಡು ಹೋಗುತ್ತದೆ, ವಾಲ್ವು ಬುಡದಲ್ಲೇ ಕಿತ್ತು ಬರುತ್ತದೆ. ವಾಲ್ವು ಓರೆಯಾಗಿ ನಿಂತಿದ್ದರೆ ಅಂದೇ ಬಿಚ್ಚಿಸಿ ಸರಿ ಮಾಡಿಸಿ. ಡಾಂಬರು ಸಿಕ್ಕ ಕೂಡಲೇ ಗಾಳಿ ತುಂಬಿಸಿ.

ಹೊಸದು, ಹಳೆಯದು ಬೆರೆಸುವ ಮುನ್ನ ಸುತ್ತಳತೆ ಅಳೆಯಿರಿ. ಈ ವಾಹನಗಳಲ್ಲಿ ನಡುವೆ ಡಿಫರೆನ್ಷಿಯಲ್ ಇಲ್ಲ, 4 ವೀಲ್ ಹಾಕಿದಾಗ ಮುಂದಿನ, ಹಿಂದಿನ ಶಾಫ್ಟುಗಳು ಒಂದೇ ವೇಗದಲ್ಲಿ ತಿರುಗಲೇಬೇಕು. ಮುಂದೆ ಹಿಂದೆ ಸುತ್ತಳತೆ ಬೇರೆಯಾದರೆ ಗಟ್ಟಿ ನೆಲದಲ್ಲಿ ಟ್ರಾನ್ಸ್‌ಫರ್ ಕೇಸ್ (ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಗೇರು ಪೆಟ್ಟಿಗೆ) ಹುರಿಗೊಂಡು ಲಿವರ್ ಕಿತ್ತರೂ ಬರುವುದಿಲ್ಲ. ವ್ಯತ್ಯಾಸ 2 ಸೆಂ.ಮೀ. ಒಳಗಿರಲಿ. ರೇಡಿಯಲ್ ಮತ್ತು ನೈಲಾನ್ (ಎಳೆಗಳು ಓರೆಯಾಗಿರುವ ಹಳೇ ಮಾದರಿಯ) ಟಯರು ಬೆರೆಸುವುದಂತೂ ಬೇಡ. ಸ್ಟೆಪ್ನಿಗೂ ಇದೇ ನಿಯಮ. ಅಳತೆ ಬೇರೆಯಾದ ಸ್ಟೆಪ್ನಿ ಹಾಕಿಕೊಂಡಿದ್ದರೆ ಮನೆ ತಲುಪುವವರೆಗೆ 2 ವೀಲಿನಲ್ಲೇ ಓಡಿಸಿ.