ಧ್ರುವದ ಸುದ್ದಿ ಮಂಡ್ಯಕ್ಕೇಕೆ?

ಪ್ರಿಯ ಓದುಗರೇ,

ಪಾಂಡವಪುರದಿಂದ ನೀವು ಬರೆದ ಕಾಗದ ಮೈಸೂರಿನ ನಮ್ಮ ಕಚೇರಿಗೆ ತಲುಪಿತು. ‘ಉತ್ತರ ಧ್ರುವದ ವ್ಯಾಪಾರಕ್ಕೆ ನಾಲ್ಕು ಪುಟ ಕೊಟ್ಟಿದ್ದೀರಿ. ಕಬ್ಬು ಬೆಳೆಯುವ ನಮಗೆ ಅದರಿಂದ ಏನಾಗಬೇಕು? ದೊಡ್ಡ ದೇಶಗಳು ಹಂಚಿಕೊಂಡು ತಿನ್ನುವ ಕಡೆ ಭಾರತಕ್ಕೇನು ಕೆಲಸ?’ ಎಂದು ಕೇಳಿದ್ದೀರಿ.

ಗೊಬ್ಬರದಿಂದಲೇ ಶುರು ಮಾಡೋಣ. ನಾಟಿ ಹೊತ್ತಿಗೆ ಸೊಸೈಟಿ ಮುಂದೆ ಡಿಎಪಿ ಮೂಟೆಗೆ ಸಾಲು ನಿಲ್ಲುತ್ತೀರಿ, ಅಲ್ವಾ? ಅದಕ್ಕೆ ಬೇಕಾದ ರಂಜಕದ ಕಲ್ಲು ನಮ್ಮ ದೇಶದಲ್ಲಿ ಸಾಲದು. ರಷ್ಯಾದ ಕಿರೋವ್ಸ್ಕ್ ಊರಿನ ಗಣಿಗಳಲ್ಲಿ ಬೇಕಾದಷ್ಟಿದೆ. ಆ ಊರು ಉತ್ತರ ಧ್ರುವದ ಸುತ್ತಲಿನ ಆರ್ಕ್ಟಿಕ್ ವೃತ್ತದ ಒಳಗಿದೆ. ಚಳಿಗಾಲದಲ್ಲಿ ಕೆಲವು ವಾರ ಅಲ್ಲಿ ಸೂರ್ಯನೇ ಮೂಡುವುದಿಲ್ಲ. ಅಲ್ಲಿನ ಕಲ್ಲಿನಿಂದ ತಯಾರಾಗುವ ಗೊಬ್ಬರವನ್ನು ಭಾರತವೂ ಕೊಳ್ಳುತ್ತದೆ.

ಇನ್ನು ಹಂಚಿಕೊಂಡು ತಿನ್ನುವ ಮಾತು. ದಕ್ಷಿಣದ ಅಂಟಾರ್ಕ್ಟಿಕಾದಲ್ಲಿ ಅದು ನಡೆಯುವುದಿಲ್ಲ. 1959ರ ಒಪ್ಪಂದ ಆ ಖಂಡವನ್ನು ಶಾಂತಿಗೆ, ವಿಜ್ಞಾನಕ್ಕೆ ಬಿಟ್ಟಿತು. 1991ರ ಮ್ಯಾಡ್ರಿಡ್ ಒಪ್ಪಂದ ಗಣಿಗಾರಿಕೆಗೆ ಬೀಗ ಹಾಕಿತು. 1959ರ ಒಪ್ಪಂದಕ್ಕೆ ಭಾರತ 1983ರಲ್ಲೇ ಸೇರಿದೆ.

ಉತ್ತರದಲ್ಲಿ ಹಾಗಲ್ಲ. ಅಲ್ಲಿ ಎಂಟು ದೇಶಗಳ ನೆಲವಿದೆ. ಹಿಮಸಾರಂಗ ಮೇಯಿಸುವ ಸಾಮಿ ಜನರಿದ್ದಾರೆ. ಗಣಿ, ಬಂದರು ಬಂದರೆ ಮೇವಿನ ದಾರಿ ಕಳೆದುಕೊಳ್ಳುವವರು ಅವರು. 1996ರಲ್ಲಿ ಹುಟ್ಟಿದ, ಆ ಎಂಟು ದೇಶಗಳ ವೇದಿಕೆಯಾದ ಆರ್ಕ್ಟಿಕ್ ಕೌನ್ಸಿಲ್‌ನಲ್ಲಿ ಮೂಲನಿವಾಸಿಗಳ ಆರು ಸಂಘಟನೆಗಳಿಗೂ ಕುರ್ಚಿಯಿದೆ. ಮತವಿಲ್ಲ, ಆದರೆ ಅವರ ಮಾತು ಕೇಳಲೇಬೇಕು. ನನಗೆ ಇದು ಸಣ್ಣ ವಿಷಯ ಅನ್ನಿಸುವುದಿಲ್ಲ. ಭಾರತ 2013ರಿಂದ ಅಲ್ಲಿ ವೀಕ್ಷಕ. ಯುಕ್ರೇನ್ ಯುದ್ಧ ಶುರುವಾದ ಮೇಲೆ, 2022ರಲ್ಲಿ, ರಷ್ಯಾ ಬಿಟ್ಟು ಉಳಿದ ಏಳು ದೇಶಗಳು ಕೌನ್ಸಿಲ್ ಕೆಲಸದಿಂದ ಸ್ವಲ್ಪ ಕಾಲ ಹಿಂದೆ ಸರಿದಿದ್ದವು.

ನಾಲ್ಕು ಪುಟ ಕೊಡಲು ನಿಜವಾದ ಕಾರಣ ಮೀನಿನ ಒಪ್ಪಂದ. ಹಿಮ ಕರಗಿ ಉತ್ತರದ ಸಾಗರದ ನಡುಭಾಗ ತೆರೆದುಕೊಳ್ಳುತ್ತಿದೆ. ಅಲ್ಲಿ ವ್ಯಾಪಾರಕ್ಕೆ ಇನ್ನೂ ಯಾರೂ ಬಲೆ ಬೀಸಿರಲಿಲ್ಲ. ಆಗಲೇ, 2018ರಲ್ಲಿ, ಒಂಬತ್ತು ದೇಶಗಳು ಮತ್ತು ಯುರೋಪಿಯನ್ ಒಕ್ಕೂಟ ಸಹಿ ಹಾಕಿದವು. ಅಮೆರಿಕ, ರಷ್ಯಾ, ಚೀನಾ ಮೂರೂ ಅದರಲ್ಲಿವೆ. 2021ರಲ್ಲಿ ಜಾರಿಗೆ ಬಂತು. 16 ವರ್ಷ ಅಲ್ಲಿ ವ್ಯಾಪಾರಕ್ಕೆ ಮೀನು ಹಿಡಿಯುವಂತಿಲ್ಲ, ಮೊದಲು ಅಧ್ಯಯನ ಆಗಬೇಕು. ಕನ್ನಂಬಾಡಿ ಕಟ್ಟೆ ಬರಿದಾದ ಮೇಲೆ ನೀರಿನ ಲೆಕ್ಕಕ್ಕೆ ಕೂರುವ ಸಂಕಟ ನಿಮಗೆ ಚೆನ್ನಾಗಿ ಗೊತ್ತು. ಇಲ್ಲಿ ಜಗಳಕ್ಕೆ ಮೊದಲೇ ಕೂತರು.

ಸಹಿ ಹಾಕಿದವರಲ್ಲಿ ಭಾರತ ಇಲ್ಲ. ಸುಮ್ನೆ ವೀಕ್ಷಕರಾಗಿ ಕೂರುವ ಬದಲು ಇಂಥ ಒಪ್ಪಂದಕ್ಕೆ ಸೇರಲು ನಾವು ಕೇಳಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಉತ್ತರ ಧ್ರುವದ ಕಡೆ, ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳಲ್ಲಿ 2008ರಿಂದ ನಮ್ಮ ಹಿಮಾದ್ರಿ ಸಂಶೋಧನಾ ಕೇಂದ್ರವಿದೆ. ಅಧ್ಯಯನಕ್ಕೆ ಕೈ ಜೋಡಿಸುವ ಶಕ್ತಿ ನಮಗಿದೆ.

ಸಂಪಾದಕ