70-300 ಎಂಎಂ ಲೆನ್ಸಲ್ಲಿ ಹಕ್ಕಿ ಫೋಟೋ ತೆಗೀತಿದ್ದೀನಿ, ಎಲ್ಲರೂ ‘ಸೂಪರ್’ ಅಂತಾರೆ, ಆದ್ರೆ ಶಾರ್ಪ್ ಬರ್ತಿಲ್ಲ. 600 ಎಂಎಂ ಲೆನ್ಸ್ ತಗೊಳ್ಳಲೇ?

ಈಗಲೇ ಬೇಡ. ನಿಮ್ಮದು ಕ್ರಾಪ್ ಸೆನ್ಸರ್ (ಫುಲ್ ಫ್ರೇಮ್‌ಗಿಂತ ಚಿಕ್ಕ ಸೆನ್ಸರ್ ಇರುವ) ಕ್ಯಾಮೆರಾ ಆಗಿದ್ದರೆ 300 ಎಂಎಂ ಸುಮಾರು 450 ಎಂಎಂನಷ್ಟು ನೋಟ ಕೊಡುತ್ತದೆ. ಊರ ಕೆರೆಯ ಬೆಳ್ಳಕ್ಕಿ, ತಂತಿ ಮೇಲಿನ ಕಾಜಾಣ, ಕೊಕ್ಕರೆ ಬೆಳ್ಳೂರಿನ ಮರಗಳ ಹೆಜ್ಜಾರ್ಲೆ, ರಂಗನತಿಟ್ಟಿನ ದೋಣಿಗೆ ಹತ್ತಿರ ಸಿಗುವ ಹಕ್ಕಿಗಳು, ಇವಕ್ಕೆಲ್ಲ ಅಷ್ಟು ಸಾಕು. ಶಾರ್ಪ್ ಬಾರದಿರುವುದಕ್ಕೆ ಕಾರಣ ಬೇರೆ ಇರುತ್ತದೆ, ಅದನ್ನು ಚಿತ್ರವೇ ಹೇಳುತ್ತದೆ.

ಕಂಪ್ಯೂಟರಿನಲ್ಲಿ 100% ಝೂಮ್ ಮಾಡಿ ಕಣ್ಣನ್ನು ನೋಡಿ. ಹಕ್ಕಿ, ಕೊಂಬೆ, ಹಿನ್ನೆಲೆ ಎಲ್ಲವೂ ಒಂದೇ ದಿಕ್ಕಿಗೆ ಎಳೆದಂತಿದ್ದರೆ ಕೈ ಅಲುಗಿದೆ. ಕಣ್ಣು ಸರಿಯಾಗಿದ್ದು ರೆಕ್ಕೆ ಮಾತ್ರ ಕಲಸಿದ್ದರೆ ಶಟರ್ (ಬೆಳಕು ಒಳಬಿಡುವ ಪರದೆ) ನಿಧಾನವಾಯಿತು. ಹಕ್ಕಿ ಮಬ್ಬಾಗಿದ್ದು ಹಿಂದಿನ ಹುಲ್ಲು ಚೂಪಾಗಿದ್ದರೆ ಫೋಕಸ್ ತಪ್ಪಿದೆ. ಅಂಚುಗಳೆಲ್ಲ ನೀರಿನಲ್ಲಿ ಕದಡಿದಂತೆ ಕಂಡರೆ ಬಿಸಿಲಿನ ಝಳ. ಬಿಸಿಲೇರಿದ ಮೇಲೆ ಬಯಲಿನಾಚೆಯ ಹಕ್ಕಿಯನ್ನು 600 ಎಂಎಂ ಹಾಕಿ ತೆಗೆದರೂ ಹಾಗೇ ಬರುತ್ತದೆ. ಚಿತ್ರದ ಹತ್ತನೇ ಒಂದು ಭಾಗವನ್ನಷ್ಟೇ ಕತ್ತರಿಸಿ ಉಳಿಸಿಕೊಂಡಿದ್ದರೆ ಮಾತ್ರ ಲೆನ್ಸ್ ಸಾಲದು ಅನ್ನಬಹುದು. ಆಗಲೂ ಮೊದಲು ಇನ್ನಷ್ಟು ಹತ್ತಿರ ಹೋಗಿ ಕೂತು ಕಾಯಿರಿ.

ಶುರುವಿಗೆ ಹೀಗಿಟ್ಟುಕೊಳ್ಳಿ: ಕೂತ ಹಕ್ಕಿಗೆ ಶಟರ್ 1/500 ಸೆಕೆಂಡಿಗಿಂತ ನಿಧಾನ ಬೇಡ, ಹಾರುವುದಕ್ಕೆ 1/2000. ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಪ್ರಮಾಣ) ಆಟೋದಲ್ಲಿರಲಿ, ಮೇಲಿನ ಮಿತಿ 3200. ಕಡಿಮೆ ಬೆಲೆಯ 70-300 ಲೆನ್ಸುಗಳು 300ರ ತುದಿಯಲ್ಲಿ ಕೊಂಚ ಮೆದು (ಚೂಪು ಕಡಿಮೆ), ಬೆಳಕಿದ್ದರೆ ಅಪರ್ಚರನ್ನು (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ) ಎಫ್/7.1 ಅಥವಾ 8ಕ್ಕೆ ತನ್ನಿ. ಕಂಟಿನ್ಯುಯಸ್ ಫೋಕಸ್ (ಹಕ್ಕಿ ಅಲುಗಿದಂತೆ ತಾನೇ ಹೊಂದಿಕೊಳ್ಳುವ ಫೋಕಸ್), ಕೂತ ಹಕ್ಕಿಗೆ ಒಂದೇ ಪಾಯಿಂಟ್, ಅದು ಕಣ್ಣಿನ ಮೇಲೆ. ರಾ (ಕ್ಯಾಮೆರಾ ತಿದ್ದದ ಮೂಲ) ಫೈಲ್‌ನಲ್ಲೇ ತೆಗೆಯಿರಿ. ಕಡು ನೀರಿನ ಮುಂದೆ ಬೆಳ್ಳಕ್ಕಿ ಇದ್ದರೆ ಎಕ್ಸ್‌ಪೋಷರ್ (ಚಿತ್ರಕ್ಕೆ ಬೀಳುವ ಬೆಳಕು) ಮೈನಸ್ 0.7 ಅಥವಾ 1 ಮಾಡಿ, ಇಲ್ಲದಿದ್ದರೆ ಗರಿಯ ಗೆರೆಗಳೇ ಅಳಿಸಿಹೋಗುತ್ತವೆ. ಬೆಳ್ಳನೆಯ ಆಕಾಶಕ್ಕೆದುರಾಗಿ ಕೂತ ಕಾಜಾಣಕ್ಕೆ ಉಲ್ಟಾ, ಪ್ಲಸ್ 1.

ಇನ್ನು ಅಭಿಪ್ರಾಯದ ವಿಷಯ. ‘ಹೇಗಿದೆ?’ ಅಂತ ಕೇಳಿದರೆ ‘ಸೂಪರ್ ಸರ್’ ಅಂತಲೇ ಉತ್ತರ ಬರುತ್ತದೆ, ಅವರ ತಪ್ಪಲ್ಲ. ಹತ್ತು ಚಿತ್ರ ಸುರಿಯಬೇಡಿ, ಒಂದು ಹಾಕಿ. ಜೊತೆಗೆ ಕ್ರಾಪ್ ಮಾಡದ ಮೂಲ ಫ್ರೇಮ್, ಶಟರ್, ಅಪರ್ಚರ್, ಐಎಸ್‌ಒ, ತೆಗೆದ ಹೊತ್ತು ಕೊಡಿ. ಪ್ರಶ್ನೆಯೂ ಒಂದೇ ಇರಲಿ: ‘ಕಣ್ಣು ಮಬ್ಬಾಗಿರುವುದು ಫೋಕಸ್‌ನಿಂದಲೋ ಶಟರ್‌ನಿಂದಲೋ?’, ‘ಹಿನ್ನೆಲೆಯ ಬಿಳಿ ಮಚ್ಚೆ ಕಣ್ಣಿಗೆ ಚುಚ್ಚುತ್ತದೆಯೇ?’ ಮೂಲ ಫ್ರೇಮ್ ತೋರಿಸಲು ಬಹಳ ಜನ ಸಂಕೋಚಪಡುತ್ತಾರೆ. ಆದರೆ ಎಲ್ಲಿ ನಿಂತು ತೆಗೆದಿರಿ, ಎಷ್ಟು ಕತ್ತರಿಸಿದಿರಿ ಅನ್ನುವುದು ತಿಳಿಯುವುದೇ ಅದರಿಂದ, ಅನುಭವಿಗಳು ಮೊದಲು ನೋಡುವುದೂ ಅದನ್ನೇ.

ಲೈಕುಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ಅಪರೂಪದ ಹಕ್ಕಿಯ ಸಾಧಾರಣ ಚಿತ್ರಕ್ಕೆ ಬೀಳುವ ಲೈಕು ಗೊರವಂಕದ ಒಳ್ಳೆಯ ಚಿತ್ರಕ್ಕೆ ಬೀಳುವುದಿಲ್ಲ. ಒಬ್ಬರ ಟೀಕೆ ಅಭಿರುಚಿಯ ಮಾತಿರಬಹುದು. ಮೂವರು ಬೇರೆಬೇರೆಯಾಗಿ ಅದನ್ನೇ ಹೇಳಿದರೆ ಬರೆದಿಟ್ಟುಕೊಳ್ಳಿ. ಮುಂದಿನ ಸಲ ಅದೇ ಜಾಗ, ಅದೇ ಹಕ್ಕಿ, ಅದೇ ಹೊತ್ತು, ಆ ಒಂದನ್ನು ಮಾತ್ರ ಬದಲಿಸಿ ತೆಗೆದು ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಿ.

ಹೊಸಬರಿಗೆ ಹೆಚ್ಚಾಗಿ ಬರುವ ಟೀಕೆ ‘ಮೇಲಿನಿಂದ ತೆಗೆದಿದ್ದೀರಿ’ ಅನ್ನುವುದು. ಏರಿಯ ಮೇಲೆ ನಿಂತು ಕೆಳಗಿನ ಟಿಟ್ಟಿಭವನ್ನು ತೆಗೆದರೆ ಹಿನ್ನೆಲೆಯೆಲ್ಲ ಕೆಸರು, ಕಲ್ಲು. ಕೆಳಗಿಳಿದು ಮಲಗಿ ತೆಗೆದರೆ ಹಿನ್ನೆಲೆ ದೂರ ಸರಿದು ತಾನೇ ಮಸುಕಾಗುತ್ತದೆ. ಬಟ್ಟೆ ಕೊಳೆಯಾಗುತ್ತದೆ, ಆಗಲಿ. ಆದರೆ ಟಿಟ್ಟಿಭ ಕಿರುಚುತ್ತಾ ನಿಮ್ಮ ಸುತ್ತ ಸುತ್ತಿದರೆ ಹತ್ತಿರದಲ್ಲೇ ನೆಲದ ಮೇಲೆ ಮೊಟ್ಟೆ ಅಥವಾ ಮರಿ ಇರಬಹುದು. ಹೆಜ್ಜೆ ನೋಡಿಕೊಂಡು, ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ.

‘ಆ ಅಡ್ಡ ಕಡ್ಡಿ ತೆಗೆದುಬಿಡಿ’ ಅಂದರೆ ಸಾಫ್ಟ್‌ವೇರಿನಲ್ಲಿ ಅಳಿಸುವ ಮುನ್ನ ಯೋಚಿಸಿ. ಸಲೋನ್ ಸ್ಪರ್ಧೆಗಳ (ಛಾಯಾಚಿತ್ರ ಪ್ರದರ್ಶನ ಸ್ಪರ್ಧೆಗಳ) ನೇಚರ್ ವಿಭಾಗದಲ್ಲಿ ಕ್ರಾಪ್ ಮಾಡಬಹುದು, ಚಿತ್ರದೊಳಗಿನ ವಸ್ತುವನ್ನು ಅಳಿಸುವಂತಿಲ್ಲ. ತೆಗೆಯುವಾಗಲೇ ಎರಡು ಹೆಜ್ಜೆ ಪಕ್ಕಕ್ಕೆ ಸರಿದು ನೋಡಿ, ಎಷ್ಟೋ ಸಲ ಕಡ್ಡಿ ಅಷ್ಟಕ್ಕೇ ಹಕ್ಕಿಯಿಂದ ಆಚೆ ಹೋಗುತ್ತದೆ.