ಥ್ರೆಡ್ ಟೈಟಾಗೇ ಇದೆ, ಆದ್ರೂ ಓಲಾಡುತ್ತೆ ಯಾಕೆ?

ಪ್ರಶ್ನೆ: ಲೇಥ್‌ನಲ್ಲಿ ಶಾಫ್ಟ್ ತುದೀಲಿ 20 ಎಂಎಂ, 1.5 ಪಿಚ್ (ಸುತ್ತಿಂದ ಸುತ್ತಿಗೆ 1.5 ಎಂಎಂ) ಥ್ರೆಡ್ ಹಾಕಿದೀನಿ. ಅದಕ್ಕೆ ತಿರುಗಿಸಿ ಹಾಕೋ ಅಡಾಪ್ಟರ್ ಫುಲ್ ಟೈಟಾಗಿ ಕೂರುತ್ತೆ, ಆದ್ರೂ ಮಷಿನ್ ಆನ್ ಮಾಡಿದ್ರೆ ಓಲಾಡುತ್ತೆ. ಥ್ರೆಡ್ ಇನ್ನೂ ಟೈಟ್ ಮಾಡ್ಲಾ?

ಬೇಡ ಮಾರಾಯ್ರೇ. ಇದನ್ನೇ ಎಷ್ಟು ಜನ ಕೇಳ್ತೀರೋ! ಥ್ರೆಡ್ ಕೆಲಸ ಎಳೆದು ಹಿಡಿಯೋದು, ನೆಟ್ಟಗೆ ಕೂರಿಸೋದು ಶೋಲ್ಡರ್ (ಥ್ರೆಡ್ ಬುಡದಲ್ಲಿ ಶಾಫ್ಟ್ ದಪ್ಪ ಆಗೋ ಮೆಟ್ಟಿಲು) ಕೆಲಸ. ಥ್ರೆಡ್ ಬಿಗಿ ಜಾಸ್ತಿ ಆದ್ರೆ ಅಡಾಪ್ಟರ್ ಥ್ರೆಡ್ ಎಳೆದ ಕಡೆ ಹೋಗುತ್ತೆ, ಶೋಲ್ಡರ್‌ಗೆ ಪೂರ್ತಿ ಒರಗೋದೇ ಇಲ್ಲ. ಶೋಲ್ಡರ್‌ಗೆ ತೆಳ್ಳಗೆ ಮಾರ್ಕಿಂಗ್ ಬ್ಲೂ ಸವರಿ, ಅಡಾಪ್ಟರ್ ತಿರುಗಿಸಿ ಬಿಚ್ಚಿ ನೋಡಿ, ನೀಲಿ ಸುತ್ತಲೂ ಹತ್ತದೆ ಒಂದೇ ಪಕ್ಕ ಹತ್ತಿದ್ರೆ ಕಳ್ಳ ಸಿಕ್ಕಿದ ಹಾಗೆ. ಮುಕ್ಕಾಲು ಪಾಲು ಜನ ಡಯಾ ಟರ್ನ್ ಮಾಡಿ, ಜಾಬ್ ಬಿಚ್ಚಿ, ಮತ್ತೆ ತ್ರೀ-ಜಾ ಚಕ್‌ಗೆ (ಮೂರು ದವಡೆ ಒಟ್ಟಿಗೇ ಹಿಡಿಯೋ ಚಕ್) ಕಚ್ಚಿಸಿ ಥ್ರೆಡ್ ಹಾಕ್ತಾರೆ, ಸೆಂಟರ್ ಅಲ್ಲೇ ತಪ್ಪೋಯ್ತು, ಆಮೇಲೆ ಟೂಲ್ ಬೈದು ಏನು ಪ್ರಯೋಜನ. ಡಯಾ, ಶೋಲ್ಡರ್, ಥ್ರೆಡ್ ಮೂರೂ ಒಂದೇ ಸೆಟ್ಟಿಂಗ್‌ನಲ್ಲಿ ಮುಗೀಬೇಕು. ಬಿಚ್ಚಲೇಬೇಕಾದ್ರೆ ಫೋರ್-ಜಾ (ನಾಲ್ಕು ದವಡೆನೂ ಬೇರೆ ಬೇರೆ ಹೊಂದಿಸೋ ಚಕ್) ಹಾಕಿ ಡಯಲ್ (ಓಲಾಟ ತೋರಿಸೋ ಗೇಜ್) ಇಟ್ಟು ಸೆಂಟರ್ ಮಾಡ್ಕೊಳ್ಳಿ. ಹೊರ ಡಯಾ ಸರಿಯಾಗಿ 20 ಇಡ್ಬೇಡಿ, ಸಾಮಾನ್ಯ 6ಜಿ ಫಿಟ್‌ಗೆ (ಹೊರ ಥ್ರೆಡ್‌ನ ಸ್ಟಾಂಡರ್ಡ್ ಅಳತೆ ಮಿತಿ) 19.73ರಿಂದ 19.96ರ ಒಳಗೆ ಇರ್ಬೇಕು, ನಾನು 19.85 ಹತ್ರ ಇಡ್ತೀನಿ. ಶೋಲ್ಡರ್ ಬುಡದಲ್ಲಿ ಅಂಡರ್‌ಕಟ್ (ಸಣ್ಣ ಗಾಡಿ) ಕೊಡಿ, ಅಡಾಪ್ಟರ್ ಬಾಯಿಗೆ ಚಾಂಫರ್ (ಓರೆ ಅಂಚು) ಹೊಡೀರಿ, ಇಲ್ಲಾಂದ್ರೆ ಕೊನೇ ಅರ್ಧ ಥ್ರೆಡ್‌ಗೇ ಸಿಕ್ಕಾಕೊಂಡು ನಿಲ್ಲುತ್ತೆ, ನೀವು ಟೈಟಾಯ್ತು ಅನ್ಕೋತೀರಿ.

ಗ್ರೈಂಡಿಂಗ್ ಪೇಸ್ಟ್ ಹಚ್ಚಿ ತಿರುಗಿಸಿದ್ರೆ ಸರಿಹೋಗುತ್ತೆ ಅಂತ ವಿಡಿಯೋ ಮಾಡೋ ಪಂಡಿತರ ಮಾತು ಕೇಳ್ಬೇಡಿ, ಥ್ರೆಡ್ ಸವೆಯುತ್ತೆ, ಸೊಟ್ಟ ಶೋಲ್ಡರ್ ಸೊಟ್ಟಗೇ ಇರುತ್ತೆ.

ಪ್ರಶ್ನೆ: ಟೆಫ್ಲಾನ್ ಟೇಪ್ ಸುತ್ತಿದ್ರೆ?

ಅದು ಪೈಪ್ ಲೀಕ್ ನಿಲ್ಲಿಸೋಕೆ. ಮುಂದಿನ ಪ್ರಶ್ನೆ.

ಪ್ರಶ್ನೆ: ಕೈಯಲ್ಲೇ ಡೈ (ಹೊರ ಥ್ರೆಡ್ ಕೊರೆಯೋ ಬಿಲ್ಲೆ) ಹೊಡೆದ್ರೆ ಆಗಲ್ವಾ?

ಗೇಟಿನ ಬೋಲ್ಟಿಗೆ ಆಗುತ್ತೆ. ತಿರುಗೋ ಜಾಬ್‌ಗೆ ಆಗಲ್ಲ, ಡೈ ಸೊಟ್ಟಗೆ ಕಚ್ಚಿದ್ರೆ ಕೊನೇವರೆಗೂ ಸೊಟ್ಟಗೇ ಹೋಗುತ್ತೆ.

ಪ್ರಶ್ನೆ: ಥ್ರೆಡ್ ಉದ್ದ ಜಾಸ್ತಿ ಮಾಡಿದ್ರೆ ಗಟ್ಟಿ ಅಲ್ವಾ?

ಲೋಡ್ ಬಹುಪಾಲು ಮೊದಲ ಕೆಲವು ಸುತ್ತೇ ಹೊರೋದು. ಸ್ಟೀಲ್‌ಗೆ ಸ್ಟೀಲ್ ಆದ್ರೆ ಡಯಾದಷ್ಟು ಉದ್ದ ಸಾಕು.

ಪ್ರಶ್ನೆ: ಇಂಚಿನ ಲೀಡ್‌ಸ್ಕ್ರೂ (ಟೂಲನ್ನ ಸಾಗಿಸೋ ಉದ್ದ ಸ್ಕ್ರೂ) ಇರೋ ಲೇಥ್‌ನಲ್ಲಿ ಎಂಎಂ ಥ್ರೆಡ್ ಹಾಕುವಾಗ ಪ್ರತಿ ಪಾಸಿಗೂ ಹಾಫ್‌ನಟ್ (ಆ ಸ್ಕ್ರೂ ಕಚ್ಚಿ ಹಿಡಿಯೋ ನಟ್) ತೆಗೀಬಹುದಾ?

ತೆಗೀಬೇಡಿ. ಟೂಲ್ ಹಿಂದಕ್ಕೆ ಎಳ್ಕೊಂಡು ರಿವರ್ಸ್‌ನಲ್ಲೇ ವಾಪಸ್ ಬನ್ನಿ. ಚಕ್ ಸ್ಪಿಂಡಲ್‌ಗೆ ಥ್ರೆಡ್‌ನಲ್ಲಿ ಕೂತಿರೋ ಹಳೇ ಮಷಿನ್ ಆದ್ರೆ ಅದನ್ನೂ ಪವರ್‌ನಲ್ಲಿ ಮಾಡ್ಬೇಡಿ, ಚಕ್ ಬಿಚ್ಕೊಂಡು ಕಾಲ ಮೇಲೆ ಬೀಳುತ್ತೆ, ಕೈಯಲ್ಲೇ ತಿರುಗಿಸಿ.